ಗಾಜಿನ ಮೇಲಿನ ಮುಂಗಾರು

ನನಗೆ ಬೇಗ ಹೇಸಿಗೆಯಾಗುತ್ತದೆ. ಹುಟ್ಟುಗುಣ. ಇನ್ನೊಬ್ಬರು ಕಚ್ಚಿ ಕುಡಿದ ತಂಬಿಗೆಯಲ್ಲಿ ನೀರು ಕುಡಿಯಲಾರೆ. ಹುನಗುಂದದಿಂದ ಬಾಗಲಕೋಟೆಗೆ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನವನು ಗುಟಕಾ ಉಗುಳಿದರೆ ಅದು ಗಾಳಿಗೆ ಹಿಂದಿನ ಕಿಟಕಿಗೇ ಬರುತ್ತದೆಂದು, ಏಪ್ರಿಲ್ ತಿಂಗಳ ಬಿಸಿಲಲ್ಲೂ ಕಿಟಕಿ ಮುಚ್ಚಿಕೊಂಡು ಬೇಯುತ್ತ ಕೂರುತ್ತೇನೆ. ಇಳಕಲ್ಲಿನಲ್ಲಿ ದೊಡ್ಡವ್ವನ ಮನೆಗೆ ಹೋಗುವ ದಾರಿಯಲ್ಲಿ ಗ್ರಾನೈಟ್ ಪಾಲಿಶ್ ಮಾಡಿದ ಬಿಳಿ ರಾಡಿಯನ್ನು ರಸ್ತೆಬದಿಗೆ ಸುರಿದಿರುತ್ತಾರೆ, ಅದರಲ್ಲಿ ಹಂದಿಗಳು ಹೊರಳಾಡುತ್ತಿರುತ್ತವೆ. ಅದನ್ನು ನೋಡಿದ ದಿನ ದೊಡ್ಡವ್ವ ಎಷ್ಟೇ ಒತ್ತಾಯ ಮಾಡಿದರೂ ನನಗೆ ಊಟ ಸೇರುವುದಿಲ್ಲ. "ಇಕಿಗೆ ಎರಡ ಮೂಗು ಅದಾವು" ಎಂದು ಅವ್ವ ಬಂದವರಿಗೆಲ್ಲ ಹೇಳಿ ನಗಿಸುತ್ತಾಳೆ.

ಇಂಥವಳ ಪಾಲಿಗೆ ಬಂದದ್ದು ಸಮುದ್ರದ ಕೆಸರು.

ಅರಬ್ಬೀ ಸಮುದ್ರದ ತಳಕ್ಕೆ ಉದ್ದನೆಯ ಕೊಳವೆ ಚುಚ್ಚಿ ಮೇಲೆತ್ತಿದ ಕೆಸರು ಅದು. ಕರಾವಳಿಯ ಒಂದು ಸಂಶೋಧನಾ ಸಂಸ್ಥೆಯವರು ನಮ್ಮ ಕಾಲೇಜಿನ ಭೂವಿಜ್ಞಾನ ವಿಭಾಗದ ಮುಖ್ಯಸ್ಥರ ಹಳೆಯ ಪರಿಚಯಕ್ಕೆ ಅದರಲ್ಲಿ ಒಂದಿಷ್ಟು ಭಾಗ ಕೊಟ್ಟಿದ್ದರು, ಒಂದೊಂದು ಆಳದ್ದು ಒಂದೊಂದು ಪ್ಲಾಸ್ಟಿಕ್ ಚೀಲದಲ್ಲಿ. ಚೀಲ ಬಿಚ್ಚಿದರೆ ಕೊಳೆತ ತತ್ತಿಯ ನಾತ. ಮೊದಲ ದಿನ ನಾನು ಸೀರೆಯ ಸೆರಗನ್ನು ಮೂಗಿಗೆ ಒತ್ತಿಕೊಂಡು ಹೊರಗೆ ಓಡಿದ್ದೆ. ಆಮೇಲೆ ಮೂಗು ಸೋತು ಸುಮ್ಮನಾಯಿತು, ಮನಸ್ಸು ಮಾತ್ರ ಆಗಲಿಲ್ಲ.

ಆ ಕೆಸರಿನಲ್ಲಿ ನಾನು ಹುಡುಕುತ್ತಿದ್ದದ್ದು ಏನೆಂದು ಹೇಳಬೇಕು. ಸಮುದ್ರದ ಮೇಲ್ಪದರದಲ್ಲಿ ಬಿಸಿಲಿನಿಂದ ಬದುಕುವ ಒಂದು ಜಾತಿಯ ಪಾಚಿ ಇದೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಅದು ತನ್ನ ಮೈತುಂಬ ಸುಣ್ಣದ ಬಿಲ್ಲೆಗಳನ್ನು ಹೊದ್ದುಕೊಂಡಿರುತ್ತದೆ. ಪುಸ್ತಕದಲ್ಲಿ ಇವಕ್ಕೆ ಕೊಕೊಲಿತ್ ಎಂಬ ಹೆಸರಿದೆ, ನಾನು ಬಿಲ್ಲೆ ಅನ್ನುತ್ತೇನೆ. ಪಾಚಿ ಸತ್ತ ಮೇಲೆ ಬಿಲ್ಲೆಗಳು ತಳಕ್ಕೆ ಇಳಿದು ಕೆಸರಾಗಿ ಕೂರುತ್ತವೆ. ಅದರ ಮೇಲೆ ಮುಂದಿನ ಕಾಲದವು, ಅದರ ಮೇಲೆ ಇನ್ನೂ ಮುಂದಿನವು. ಬೆಚ್ಚನೆಯ ನೀರಿನ ಜಾತಿ ಬೇರೆ, ತಣ್ಣನೆಯ ನೀರಿನದು ಬೇರೆ. ಯಾವ ಆಳದಲ್ಲಿ ಯಾವುದು ಎಷ್ಟಿದೆ ಎಂದು ಎಣಿಸುತ್ತ ಹೋದರೆ, ಬರೆದಿಡುವ ಮನುಷ್ಯರೇ ಇಲ್ಲದ ಕಾಲದಲ್ಲಿ ಸಮುದ್ರ ಹೇಗಿತ್ತು, ಗಾಳಿ ಹೇಗಿತ್ತು ಅನ್ನುವುದು ಗೊತ್ತಾಗುತ್ತದೆ.

ಇನ್ನೊಂದು ಸುಳಿವೂ ಉಂಟು. ಈಚಿನ ಕೆಸರಿನಲ್ಲಿ ಒಮ್ಮೊಮ್ಮೆ ಡೈನೋಸಾರ್ ಕಾಲದ ಬಿಲ್ಲೆಗಳು ಸಿಗುತ್ತವೆ. ಆ ಪಾಚಿ ಎಂದೋ ನಿರ್ವಂಶವಾಗಿದೆ, ಹಾಗಾಗಿ ಅದು ಅಲ್ಲಿ ಹುಟ್ಟಿದ್ದಲ್ಲ, ಬಂದು ಸೇರಿದ್ದು. ಮಳೆ ಜೋರಾಗಿ ಹೊಳೆಗಳು ಉಕ್ಕಿದಾಗ ಹಳೆಯ ಸುಣ್ಣದ ಬಂಡೆಗಳನ್ನು ಕೊರೆದು ಆ ಬಿಲ್ಲೆಗಳನ್ನು ಸಮುದ್ರಕ್ಕೆ ಒಯ್ಯುತ್ತವೆ. ಹಳೆಯ ಬಿಲ್ಲೆ ಹೆಚ್ಚು ಸಿಕ್ಕಿತೆಂದರೆ ಆ ಕಾಲದಲ್ಲಿ ಮುಂಗಾರು ಜೋರಾಗಿತ್ತು ಎಂದು ಲೆಕ್ಕ.

ನಾನು ಬಾಗಲಕೋಟೆಯ ನವನಗರದ ಕಡೆ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಅನ್ನುವುದು ಹೆಸರಿಗೆ. ಪ್ರತಿ ವರ್ಷ ಕೆಲಸ ಹೋಗುತ್ತದೆ, ಪ್ರತಿ ವರ್ಷ ಮತ್ತೆ ಕೈಮುಗಿದು ನಿಲ್ಲಬೇಕು. ಡಾಕ್ಟರೇಟ್ ಆದರೆ ಕಾಯಂ ಆಗುವ ದಾರಿ ತೆರೆಯುತ್ತದೆ. ಇಲ್ಲದಿದ್ದರೆ ತಲೆ ಹಣ್ಣಾಗುವವರೆಗೂ ಅತಿಥಿಯೇ. ಅದಕ್ಕೆ ಮಾಡಿಸಿದ್ದ ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು. ಉಳಿದದ್ದು ತಜ್ಞರ ಸಮಿತಿಯ ಮುಂದೆ ನನ್ನ ಫಲಿತಾಂಶವನ್ನು ಮಂಡಿಸುವುದೊಂದೇ. ಸಮಿತಿ ಒಪ್ಪಿದರೆ ನಾನು ಗೆದ್ದಂತೆ.

ನನಗೆ ಮಾರ್ಗದರ್ಶಕರಾಗಿದ್ದವರು ಆ ಮುಖ್ಯಸ್ಥರೇ. ಒಳ್ಳೆಯ ಮನುಷ್ಯರು, ಅದನ್ನು ಅಲ್ಲಗಳೆಯುವುದಿಲ್ಲ. ನನಗಾಗಿ ಕೆಸರು ತರಿಸಿದವರು, ಬೇರೆಯವರು ಕೊಂಕು ನುಡಿದಾಗ ನನ್ನ ಪರವಾಗಿ ನಿಂತವರು, ತಂಗಿ ಎಂದೇ ಕರೆಯುತ್ತಿದ್ದವರು. ಆದರೆ ಅವರ ಕೈ! ಪ್ರಯೋಗಾಲಯ ಅಂದರೆ ಹಿಂದೆ ಉಗ್ರಾಣವಾಗಿದ್ದ ಒಂದು ಕೋಣೆ. ಕಿಟಕಿ ಕ್ಯಾಂಟೀನಿನ ಹಿತ್ತಿಲಿಗೆ ತೆರೆಯುತ್ತದೆ. ಮುಸುರೆಯ ವಾಸನೆ, ಕರಿದೆಣ್ಣೆಯ ಹೊಗೆ ಎಲ್ಲ ಒಳಗೆ. ಅವರು ಆ ಕಿಟಕಿಯಿಂದಲೇ ಮಿರ್ಚಿ ಭಜಿ ತರಿಸಿ, ಸೂಕ್ಷ್ಮದರ್ಶಕದ ಪಕ್ಕದಲ್ಲಿ ಪೇಪರು ಹಾಸಿ ತಿನ್ನುತ್ತಿದ್ದರು. ತಿಂದ ಕೈಯನ್ನು ಪೇಪರಿಗೇ ಒರೆಸಿ, ಅದೇ ಬೆರಳಲ್ಲಿ ನನ್ನ ಸ್ಲೈಡು ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು.

ಅವರಿಗೆ ಇನ್ನೊಂದು ರೂಢಿಯಿತ್ತು. ಬೆಳಿಗ್ಗೆ ಬಂದವರೇ ಅಂಗಿಯ ಕಿಸೆಯಿಂದ ವಿಭೂತಿಯ ಉಂಡೆ ತೆಗೆದು, ಹಣೆಗೆ ಹಚ್ಚಿಕೊಂಡು, ಅದೇ ಮೂರು ಬೆರಳಿನಿಂದ ಸೂಕ್ಷ್ಮದರ್ಶಕದ ತೋಳಿಗೆ, ಸ್ಲೈಡು ಒಣಗಿಸುವ ಬಿಸಿ ತಟ್ಟೆಯ ಅಂಚಿಗೆ, ಕೆಸರಿನ ಚೀಲಗಳ ಪೆಟ್ಟಿಗೆಗೆ ಸಾಲಾಗಿ ಎಳೆಯುತ್ತಿದ್ದರು. ಉಳಿದದ್ದನ್ನು ಕೈಕೊಡವಿ ಕೆಲಸಕ್ಕೆ ಕೂರುತ್ತಿದ್ದರು. ಮೇಲೆ ಫ್ಯಾನು ತಿರುಗುತ್ತಿರುತ್ತಿತ್ತು. ಇದು ನನಗೆ ಹೇಸಿಗೆ ಅನಿಸಿರಲಿಲ್ಲ. ನಮ್ಮ ಮನೆಯಲ್ಲೂ ಹೊಸ ಮಿಕ್ಸರ್ ಬಂದರೆ ಅವ್ವ ಮೊದಲು ಅದಕ್ಕೆ ವಿಭೂತಿ ಹಚ್ಚುತ್ತಾಳೆ. ಪ್ರಪಂಚದಲ್ಲಿ ಕೊಳೆಯಲ್ಲದ ವಸ್ತು ಅಂತ ಇದ್ದರೆ ಅದು ವಿಭೂತಿಯೇ ಎಂದು ನಂಬಿ ಬೆಳೆದವಳು ನಾನು.

ಫಲಿತಾಂಶ ಚೆನ್ನಾಗಿ ಬಂದಿತ್ತು, ಬೇಕಿದ್ದಕ್ಕಿಂತ ಚೆನ್ನಾಗಿ. ಹೆಚ್ಚಿನ ಆಳಗಳಲ್ಲಿ ಹಳೆಯ ಬಿಲ್ಲೆ ಅಲ್ಲೊಂದು ಇಲ್ಲೊಂದು. ಆದರೆ ಎರಡು ಕಡೆ ಮಾತ್ರ ರಾಶಿ ರಾಶಿ. ಕಾಗದದ ಮೇಲೆ ಗೆರೆ ಎಳೆದಾಗ ಎರಡು ಗುಡ್ಡಗಳು ಎದ್ದು ನಿಂತವು. ಮುಖ್ಯಸ್ಥರು ಖುಷಿಯಿಂದ ಮೇಜು ಗುದ್ದಿದರು.

"ನೋಡವಾ ತಂಗಿ, ಎಂಥಾ ಮಳಿ ಆಗೇತಿ ಆವಾಗ! ಹೊಳಿ ಅನ್ನೂವು ಹುಚ್ಚೆದ್ದ ಹರದಾವು. ಇದನ್ನ ಯಾರೂ ಕಂಡಿಲ್ಲ ಇನ್ನ."

ನಿವೃತ್ತಿಗೆ ಮೊದಲು ಅವರಿಗೂ ಒಂದು ದೊಡ್ಡ ಲೇಖನ ಬೇಕಾಗಿತ್ತು. ವಿಜ್ಞಾನಿಗಳ ಅಧಿವೇಶನವೊಂದಕ್ಕೆ ಅದರ ಸಾರಾಂಶ ಕಳಿಸಿಯೂ ಆಗಿತ್ತು. ನನಗೂ ಹೆಮ್ಮೆ. ಈ ನಾತದ ಕೆಸರಿನೊಳಗಿಂದ ಒಂದು ಮುಂಗಾರನ್ನೇ ಹೊರತೆಗೆದಿದ್ದೇನೆ ಎಂದು ಬೀಗಿದ್ದೆ.

ಆ ಹೆಮ್ಮೆಗೆ ಕೊಳ್ಳಿ ಇಟ್ಟದ್ದು ನನ್ನ ಹೇಸಿಗೆಯೇ. ಒಂದು ದಿನ ಬೆಳಿಗ್ಗೆ ಮುಖ್ಯಸ್ಥರು ಪೂಜೆಯ ಕ್ರಮ ಮುಗಿಸಿ, ಭಜಿ ತಿಂದು, ನಾನು ಆಗಷ್ಟೇ ಪೊಟ್ಟಣದಿಂದ ತೆಗೆದಿಟ್ಟಿದ್ದ ಹೊಸ ಗಾಜಿನ ಮೇಲೆ ಹೆಬ್ಬೆರಳು ಊರಿ ಎದ್ದು ಕ್ಲಾಸಿಗೆ ಹೋದರು. ಗಾಜಿನ ನಡುವೆ ಎಣ್ಣೆಯ ದೊಡ್ಡ ಗುರುತು. ನನಗೆ ರೇಗಿತು. ಎಷ್ಟು ಸಲ ಹೇಳಿದ್ದೇನೆ, ಎಷ್ಟು ಸಲ ಟಿಶ್ಯೂ ಪೇಪರು ಮುಂದಿಟ್ಟಿದ್ದೇನೆ! ಇವರ ಹೆಬ್ಬೆರಳಲ್ಲಿ ಏನೇನು ಹರಿದಾಡುತ್ತದೆ ನೋಡೇಬಿಡೋಣ, ಒಂದು ಫೋಟೋ ತೆಗೆದು ತೋರಿಸಿದರಾದರೂ ನಾಚಿಕೆಯಾದೀತು ಎಂದು ಆ ಗಾಜನ್ನೇ ಸೂಕ್ಷ್ಮದರ್ಶಕಕ್ಕೆ ಇಟ್ಟೆ.

ಎಣ್ಣೆಯ ಹನಿಗಳು, ಚರ್ಮದ ಸಿಪ್ಪೆ, ಕಡಲೆಹಿಟ್ಟಿನ ಕಣ. ನೋಡಿ ಮೈ ಮುಳ್ಳೆದ್ದಿತು. ಅಭ್ಯಾಸಬಲದಿಂದ ಕೈ ತಾನಾಗಿ ಸೂಕ್ಷ್ಮದರ್ಶಕದ ಬೆಳಕು ಸೋಸುವ ಪಟ್ಟಿಯನ್ನು ಅಡ್ಡ ತಿರುಗಿಸಿತು. ಹಾಗೆ ಮಾಡಿದರೆ ಉಳಿದದ್ದೆಲ್ಲ ಕತ್ತಲಾಗಿ ಬಿಲ್ಲೆಗಳು ಮಾತ್ರ ಹೊಳೆಯುತ್ತವೆ, ಒಂದೊಂದರ ಮೈಮೇಲೂ ಕೂಡುವ ಗುರುತಿನಂಥ ಕಪ್ಪು ಗೆರೆ. ಕತ್ತಲಾಯಿತು. ಬಿಲ್ಲೆಗಳು ಹೊಳೆದವು. ಒಂದಲ್ಲ ಎರಡಲ್ಲ, ಗಾಜಿನ ತುಂಬ. ಎಲ್ಲ ಡೈನೋಸಾರ್ ಕಾಲದವು. ಎರಡು ಗುಡ್ಡಗಳಲ್ಲಿ ನಾನು ಕಣ್ಣು ಕೆಂಪಾಗಿಸಿಕೊಂಡು ಎಣಿಸಿದ್ದವೇ, ಅದೇ ಜಾತಿ, ಅದೇ ಮುರುಕು ಅಂಚು.

ಆ ಗಾಜಿಗೆ ಸಮುದ್ರದ ಕೆಸರು ತಾಗಿರಲೇ ಇಲ್ಲ.

ಸೂಕ್ಷ್ಮದರ್ಶಕದ ತೋಳಿನ ಮೇಲಿನ ವಿಭೂತಿಯನ್ನು ಸೂಜಿಯ ತುದಿಯಿಂದ ಕೆರೆದು ಇನ್ನೊಂದು ಗಾಜಿಗೆ ಹಾಕಿ ನೋಡಿದೆ. ಬಿಲ್ಲೆಗಳ ಜಾತ್ರೆ. ಅದು ಭಸ್ಮವೇ ಅಲ್ಲ. ಯಾವ ಕಾಲದ್ದೋ ಸಮುದ್ರದ ತಳ ಗಟ್ಟಿಯಾಗಿ ಆದ ಸುಣ್ಣದ ಕಲ್ಲು. ಯಾರೋ ಅದನ್ನು ಬೀಸಿ, ಸುವಾಸನೆ ಬೆರೆಸಿ, ಉಂಡೆ ಕಟ್ಟಿ, ವಿಭೂತಿ ಎಂದು ಮಾರಿದ್ದಾರೆ. ಇವರು ಅದನ್ನು ಪೇಟೆಯಲ್ಲಿ ಕೊಂಡು ಹಣೆಗೂ ನನ್ನ ಪೆಟ್ಟಿಗೆಗೂ ಬಳಿದಿದ್ದಾರೆ. ಎರಡು ಗುಡ್ಡಗಳ ಗುಟ್ಟೂ ಆಗ ಹೊಳೆಯಿತು. ಆ ಆಳಗಳ ಸ್ಲೈಡುಗಳನ್ನು ನಾನು ಮಾಡಿದ್ದು ಎರಡು ಬೇರೆ ಬೇರೆ ವರ್ಷಗಳ ಶ್ರಾವಣದಲ್ಲಿ. ಶ್ರಾವಣ ಬಂತೆಂದರೆ ಅವರು ಮೂರು ಬೆರಳಿಗೆ ನಿಲ್ಲುತ್ತಿರಲಿಲ್ಲ. ತೋಳು, ಕೊರಳು, ಎದೆ, ಮೇಜು, ಬಾಗಿಲು, ಎಲ್ಲೆಡೆ ದಪ್ಪಗೆ ಬಳಿಯುತ್ತಿದ್ದರು. ಕೈ ಕೊಡವಿದರೆ ಬಿಸಿಲಕೋಲಿನಲ್ಲಿ ಬಿಳಿ ಹುಡಿ ತೇಲುವುದು ಕಾಣುತ್ತಿತ್ತು. ನಾನು ಕಂಡುಹಿಡಿದ ಮುಂಗಾರು ಸುರಿದದ್ದು ಸಮುದ್ರದ ಮೇಲಲ್ಲ.

ಹೊರಗೆ ಹೋಗಿ ವಾಂತಿ ಮಾಡಿಕೊಂಡೆ.

ಆ ವಾರವೇ ಹುನಗುಂದಕ್ಕೆ ಹೋದಾಗ ಅವ್ವನ ದೇವರ ಜಗಲಿಯಿಂದ ಅವಳ ವಿಭೂತಿಯನ್ನು ಚೂರು ಮುರಿದುಕೊಂಡೆ. ಅವಳು ತನ್ನದನ್ನು ಬಾದಾಮಿ ಹತ್ತಿರದ, ವಿಭೂತಿಗೆ ಹೆಸರಾದ ಶಿವಯೋಗ ಮಂದಿರದಿಂದ ತರಿಸುತ್ತಾಳೆ, ಬೇರೆಯದನ್ನು ಮುಟ್ಟುವುದಿಲ್ಲ.

"ಅದನ್ನ್ಯಾಕ ಕಾಗದದಾಗ ಸುತ್ತಾಕತ್ತಿ?" ಎಂದಳು.

"ದುರ್ಬೀನಿನ್ಯಾಗ ನೋಡಬೇಕಾಗೇತಿ ಅವ್ವಾ."

"ನೋಡವಾ, ನೋಡು. ಶಿವನ ನಿನಗ ಕಾಣಲಿಲ್ಲಂದ್ರ ಗಾಜು ಹೊಲಸಾಗೇತಿ ಅಂತ ತಿಕ್ಕಿಕೋತ ಕೂಡಬ್ಯಾಡ ಮತ್ತ."

ಅವ್ವನದರಲ್ಲಿ ಒಂದು ಬಿಲ್ಲೆಯೂ ಇರಲಿಲ್ಲ. ಹುಲ್ಲು ಸುಟ್ಟರೆ ಉಳಿಯುವ ಗಾಜಿನಂಥ ಸಣ್ಣ ಚೂರುಗಳು, ಬೂದಿ, ಅಷ್ಟೆ. ಆಕಳು ತಿಂದ ಮೇವು ಸಗಣಿಯಾಗಿ, ಬೆಂದು, ಭಸ್ಮವಾದದ್ದು. ನೋಡಿ ಸಮಾಧಾನವಾಯಿತು, ಬೆನ್ನಿಗೇ ಸಂಕಟವೂ ಆಯಿತು. ಆಮೇಲೆ ಭೌತಶಾಸ್ತ್ರದವರ ಒಂದು ಖಾಲಿ ಕೋಣೆ ಕೇಳಿಕೊಂಡು, ನೆಲ ಒರೆಸಿ, ಫ್ಯಾನು ಆರಿಸಿ, ಎರಡು ಗುಡ್ಡಗಳ ಆಳದ ಚೀಲಗಳನ್ನು ಹೊರಗಿನಿಂದ ತೊಳೆದು ಒಳಗಿನ ಕೆಸರಿನಿಂದ ಹೊಸ ಸ್ಲೈಡುಗಳನ್ನು ಮಾಡಿದೆ. ಈಚಿನ ಬಿಲ್ಲೆಗಳು ಬೇಕಾದಷ್ಟಿದ್ದವು. ಹಳೆಯದು ಒಂದೂ ಇಲ್ಲ. ಗುಡ್ಡ ನೆಲಸಮವಾಯಿತು. ಅಲ್ಲೊಂದು ಇಲ್ಲೊಂದು ಸಿಕ್ಕಿದ್ದ ಬೇರೆ ಸ್ಲೈಡುಗಳನ್ನೂ ನಂಬುವಂತಿರಲಿಲ್ಲ. ಎಲ್ಲವನ್ನೂ ಮೊದಲಿನಿಂದ ಮಾಡಬೇಕಿತ್ತು, ಅದಕ್ಕೆ ಬೇಕಾದಷ್ಟು ಕಾಲ ನನ್ನ ನೋಂದಣಿಯಲ್ಲಿ ಉಳಿದಿರಲಿಲ್ಲ.

ಮುಖ್ಯಸ್ಥರಿಗೆ ಹೇಳಿದ್ದು ಬಾದಾಮಿಯಲ್ಲಿ. ವಿದ್ಯಾರ್ಥಿಗಳಿಗೆ ಬಂಡೆಗಳ ಪದರ ತೋರಿಸಲು ಬಸ್ಸು ಮಾಡಿಕೊಂಡು ಹೋಗಿದ್ದೆವು. ಮಕ್ಕಳು ಗುಹೆಗಳ ಕಡೆ ಹತ್ತಿದರು. ಅವರಿಗೆ ಮೊಣಕಾಲು ನೋವು, ಕೆರೆಯ ದಂಡೆಯ ಮೆಟ್ಟಿಲ ಮೇಲೆ ಕೂತರು. ನೀರಿನ ಮೇಲೆ ಹಸಿರು ಪಾಚಿ ದಪ್ಪಗೆ ಕೆನೆಗಟ್ಟಿತ್ತು. ಅದರಲ್ಲಿ ಚಿಪ್ಸಿನ ಪೊಟ್ಟಣ, ಬಾಡಿದ ಹೂವು, ಯಾರದೋ ಒಂದು ಚಪ್ಪಲಿ. ಮಂಗಗಳ ಉಚ್ಚೆಯ ಘಾಟು. ನಾನು ಮೂಗು ಮುಚ್ಚಿಕೊಂಡೇ ಎಲ್ಲ ಹೇಳಿದೆ. ಹೆಬ್ಬೆರಳಿನ ಗಾಜು, ಕೆರೆದ ವಿಭೂತಿ, ಅವ್ವನದು, ಹೊಸ ಸ್ಲೈಡುಗಳು, ಎರಡು ಶ್ರಾವಣ. ಫೋನಿನಲ್ಲಿ ಫೋಟೋಗಳನ್ನೂ ತೋರಿಸಿದೆ.

ಅವರ ಮುಖ ಬಿಳಿಚಿತು. ಪಾಪ ಅನಿಸಿತು. ಕಡೆಯ ಲೇಖನ, ಕಳಿಸಿದ ಸಾರಾಂಶ, ಎಲ್ಲ ಹೋಯಿತಲ್ಲ ಎಂದು ಕುಗ್ಗಿದರು ಅಂದುಕೊಂಡೆ. ಮೆಲ್ಲಗೆ ಕೇಳಿದರು:

"ತಂಗಿ, ಅದು ಪ್ರಾಣೀದೋ, ಗಿಡದ್ದೋ?"

"ಯಾವುದ್ರಿ ಸರ್?"

"ಅದ, ಆ ಬಿಲ್ಲಿ. ಚಿಪ್ಪಿನಂಗ ಐತಲ್ಲ. ಹುಳದ ಎಲುವು ಗಿಲುವು ಅಲ್ಲಲಾ? ಇಷ್ಟ ವರ್ಷ ಹಣಿಗೆ ಅದನ್ನ ಹಚ್ಚಿಕೊಂಡು ಉಂಡೇನಿ ನಾ."

ಇಪ್ಪತ್ತೈದು ವರ್ಷ ಪಾಠ ಹೇಳಿದ ಮನುಷ್ಯರಿಗೆ ಇದು ಗೊತ್ತಿಲ್ಲವೆಂದಲ್ಲ. ಭಯಕ್ಕೆ ಗೊತ್ತಿದ್ದದ್ದೂ ಮರೆತುಹೋಗಿತ್ತು. ನಾನು ಕೆರೆಯ ಕಡೆ ಕೈ ಮಾಡಿದೆ.

"ಪಾಚಿ ಸರ್. ಇದರ ದೂರದ ಬೀಗರು. ಸಸ್ಯಾಹಾರನ."

ಅವರು ಆ ಹಸಿರು ಲೋಳೆಯನ್ನು ನೋಡಿ, ಕರವಸ್ತ್ರ ತೆಗೆದು ಹಣೆಯನ್ನು ಗಸಗಸ ಉಜ್ಜಿಕೊಂಡರು. ಉಜ್ಜಿದ ಜಾಗ ಕೆಂಪಾಯಿತು. ಅಷ್ಟು ವರ್ಷಗಳಲ್ಲಿ ಅವರಿಗೆ ಯಾವುದಕ್ಕಾದರೂ ಹೇಸಿಗೆಯಾದದ್ದನ್ನು ನಾನು ಕಂಡದ್ದು ಅದೇ ಮೊದಲು. ಈಗಲಾದರೂ ನನ್ನ ಕಷ್ಟ ಅರ್ಥವಾಯಿತು ಎಂದು ಆಸೆಯಾಯಿತು.

ವಾಪಸು ಬರುವಾಗ ಬಸ್ಸನ್ನು ಶಿವಯೋಗ ಮಂದಿರಕ್ಕೆ ತಿರುಗಿಸಿದರು. ಮಕ್ಕಳಿಗೆ ಮಲಪ್ರಭೆಯ ದಂಡೆ ತೋರಿಸುವುದು ಎಂದು ನೆಪ. ತಾವು ಇಳಿದು ಹೋಗಿ, ಹಣೆ ತೊಳೆದು, ಹೊಸ ವಿಭೂತಿ ಧರಿಸಿ, ಚೀಲದ ತುಂಬ ಉಂಡೆಗಳನ್ನು ಹಿಡಿದುಕೊಂಡು ಬಂದರು. ಮುಖದಲ್ಲಿ ಏನೋ ದೊಡ್ಡ ಗಂಡಾಂತರದಿಂದ ಪಾರಾದವರ ಕಳೆ. ನನ್ನ ಕೈಗೂ ಒಂದು ಉಂಡೆ ಇಟ್ಟರು.

"ಭಾಳ ಉಪಕಾರ ಆತವಾ ನಿನ್ನಿಂದ. ಇನ್ನ ಎಲ್ಲಾ ಶುದ್ಧ ಆತು."

"ಸರ್, ನಮ್ಮ ಗ್ರಾಫು?"

"ಅದಕ್ಕೇನಾತು? ಅದು ಹಾಂಗ ಇರ್ಲಿ. ಸಾರಾಂಶ ಹೋಗೇತಿ, ಕಮಿಟಿ ತಾರೀಖು ಗೊತ್ತಾಗೇತಿ. ಖರೇನ ಮಳಿ ಆಗಿತ್ತೋ ಇಲ್ಲೋ, ಈಗ ಯಾರು ನೋಡಾಕ ಹೋಗ್ಯಾರ? ನಿನ್ನ ಕೆಲಸದ ಪ್ರಶ್ನಾ ಐತಿ, ತಿಳಿಕೊ."

ಬಸ್ಸು ಹೊರಟಿತು. ಆ ಉಂಡೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಎಂಥ ಮನುಷ್ಯ! ಹಣೆಯ ಮೇಲೆ ಸುಳ್ಳಿನ ಬೂದಿ ಕೂತಿತ್ತೆಂದು ಚರ್ಮ ಕಿತ್ತುಬರುವಂತೆ ಉಜ್ಜಿಕೊಂಡವರು, ಸಮುದ್ರದ ಹೆಸರಿನಲ್ಲಿ ಸುಳ್ಳಿನ ಮಳೆಯನ್ನು ಅಚ್ಚು ಹಾಕಿಸಲು ಒಂದು ಕ್ಷಣವೂ ಹಿಂಜರಿಯಲಿಲ್ಲ. ಭಜಿಯ ಎಣ್ಣೆ, ಕೊಳೆತ ತತ್ತಿಯ ನಾತ, ಹಂದಿಗಳ ರಾಡಿ, ಯಾವುದೂ ನನ್ನಲ್ಲಿ ಅಷ್ಟು ಅಸಹ್ಯ ಹುಟ್ಟಿಸಿರಲಿಲ್ಲ. ಅವು ತೊಳೆದರೆ ಹೋಗುತ್ತವೆ. ಇಂದಿನ ಮಳೆ ಹೇಗೆ ಬದಲಾಗುತ್ತಿದೆ ಎಂದು ಲೆಕ್ಕ ಹಾಕುವವರು ಹಿಂದಿನ ಮಳೆಯ ಲೆಕ್ಕಗಳನ್ನು ಜೋಡಿಸಿಕೊಳ್ಳುತ್ತಾರೆ. ಅವರಲ್ಲಿ ಒಬ್ಬರು ನಾಳೆ ನನ್ನ ಎರಡು ಗುಡ್ಡಗಳನ್ನೂ ನಂಬಿ ಎತ್ತಿಕೊಳ್ಳುತ್ತಾರೆ. ಬಾಗಲಕೋಟೆಯ ಒಂದು ಉಗ್ರಾಣದಲ್ಲಿ ಫ್ಯಾನಿಗೆ ಹಾರಿದ ಹುಡಿ ಒಂದು ಕಾಲದ ಹವಾಮಾನವಾಗಿ ಉಳಿದುಬಿಡುತ್ತದೆ.

ಹಾಗೆಂದು ನಾನು ಅಂದೇ ಧೀರೆಯಾದೆ ಅಂದುಕೊಳ್ಳಬೇಡಿ. ಸಮಿತಿಯ ದಿನದವರೆಗೂ ನನ್ನ ಬ್ಯಾಗಿನಲ್ಲಿ ಎರಡು ಪೆನ್‌ಡ್ರೈವ್ ಇದ್ದವು. ಒಂದರಲ್ಲಿ ಗುಡ್ಡಗಳಿದ್ದ ಗ್ರಾಫು, ಇನ್ನೊಂದರಲ್ಲಿ ಗುಡ್ಡಗಳಿಲ್ಲದ್ದು. ಕಾಯಂ ಕೆಲಸ ನನಗೂ ಬೇಕಿತ್ತು, ಬಹಳ ಬೇಕಿತ್ತು. ವರ್ಷ ವರ್ಷವೂ ಅತಿಥಿಯಾಗಿ ಬಾಗಿಲಲ್ಲಿ ನಿಲ್ಲುವುದೂ ಒಂದು ಹೇಸಿಗೆಯೇ.

ಸಭೆಗೆ ಬೇರೆ ವಿಶ್ವವಿದ್ಯಾಲಯದಿಂದ ಒಬ್ಬ ತಜ್ಞರು ಬಂದಿದ್ದರು. ಮೈಸೂರು ಕಡೆಯ ಮಾತು, ಶಾಂತ ಸ್ವಭಾವ. ಮುಖ್ಯಸ್ಥರು ಮುಂದಿನ ಸಾಲಿನಲ್ಲಿ ಕೂತು ನನಗೆ ಧೈರ್ಯ ತುಂಬುವಂತೆ ತಲೆಯಾಡಿಸುತ್ತಿದ್ದರು. ನಾನು ಕೆಸರು ಎಲ್ಲಿಯದು, ಬಿಲ್ಲೆ ಎಂದರೇನು ಎಂದೆಲ್ಲ ಹೇಳಿ ಮುಗಿಸಿ, ಪರದೆಯ ಮೇಲೆ ಒಂದು ಫೋಟೋ ಹಾಕಿದೆ. ಕಪ್ಪು ಹಿನ್ನೆಲೆಯಲ್ಲಿ ಹಳೆಯ ಬಿಲ್ಲೆಗಳು ಹೊಳೆಯುತ್ತಿದ್ದವು.

ತಜ್ಞರು ಮುಂದಕ್ಕೆ ಬಾಗಿದರು. "ತುಂಬ ಚೆನ್ನಾಗಿ ಉಳಿದಿವೆಯಲ್ಲ! ಇದು ಯಾವ ಆಳದ್ದು?"

"ಆಳ ಇಲ್ರಿ ಸರ್" ಎಂದೆ. "ಇದರಾಗ ಸಮುದ್ರದ ಮಣ್ಣ ಇಲ್ಲ. ಇದು ನಮ್ಮ ಪ್ರಯೋಗಾಲಯದಾಗ ಉದುರಿದ ಪುಡಿ."

ಆಮೇಲೆ ಎಲ್ಲವನ್ನೂ ಹೇಳಿದೆ. ಯಾರ ಕೈ, ಯಾರ ಕಿಸೆ ಎಂದು ಹೇಳಲಿಲ್ಲ. ಪೇಟೆಯಲ್ಲಿ ಕೊಂಡ ಕಲಬೆರಕೆಯ ವಿಭೂತಿ ಸಲಕರಣೆಗಳ ಮೇಲಿತ್ತು ಎಂದಷ್ಟೇ ಹೇಳಿದೆ. ಹಳೆಯ ಗ್ರಾಫು ತೋರಿಸಿ, ಇದು ತಪ್ಪು ಎಂದೆ. ಹೊಸ ಸ್ಲೈಡುಗಳನ್ನು ತೋರಿಸಿದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುಖ್ಯಸ್ಥರು ತಲೆಯಾಡಿಸುವುದನ್ನು ನಿಲ್ಲಿಸಿದ್ದರು.

ತಜ್ಞರು ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು. "ಸರಿ. ಹಾಗಾದರೆ ಆ ಕಾಲದಲ್ಲಿ ಮುಂಗಾರು ಹೇಗಿತ್ತು ಅಂತೀರಿ?"

"ಗೊತ್ತಿಲ್ರಿ" ಎಂದೆ.

ಸಮಿತಿ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ನನ್ನ ಪ್ರಾಮಾಣಿಕತೆಯನ್ನು ಮೆಚ್ಚಿಕೊಂಡರು. ಎಲ್ಲ ಆಳಗಳನ್ನೂ ಶುದ್ಧವಾದ ಜಾಗದಲ್ಲಿ ಹೊಸದಾಗಿ ಮಾಡಿ ತರಬೇಕು ಎಂದರು. ಅವಧಿ ವಿಸ್ತರಿಸುವುದು ತಮ್ಮ ಕೈಯಲ್ಲಿಲ್ಲ ಎಂದೂ ಹೇಳಿದರು. ಸಾರಾಂಶವನ್ನು ಹಿಂದಕ್ಕೆ ಪಡೆಯಬೇಕೆಂದು ಮುಖ್ಯಸ್ಥರಿಗೆ ತಿಳಿಸಿದರು. ಮೆಚ್ಚುಗೆಗೆ ಕೈಮುಗಿದು ಹೊರಗೆ ಬಂದೆ.

ವರಾಂಡದಲ್ಲಿ ಮುಖ್ಯಸ್ಥರು ನನ್ನನ್ನು ತಡೆದು ನಿಲ್ಲಿಸಿದರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಅವರ ಕಣ್ಣು ತುಂಬಿದ್ದವು.

"ಒಂದ ಸುಳ್ಳಿಗೆ ಏನ ಆಗ್ತಿತ್ತವಾ? ಡಾಕ್ಟರ್ ಆಗ್ತಿದ್ದಿ. ನನಗಾದ್ರೂ ಅದರಾಗ ಏನ ಹೊಲಸು ಕಾಣಲಿಲ್ಲ ನೋಡು" ಎಂದರು.

ನಾನು ಅವರ ಮುಖ ನೋಡಿದೆ. ಅವರು ನಿಜವನ್ನೇ ಹೇಳುತ್ತಿದ್ದರು, ಅವರಿಗೆ ಕಂಡಿರಲಿಲ್ಲ. ಹಣೆಯ ಮೇಲಿನ ವಿಭೂತಿ ಮಾತ್ರ ಈಗ ಅಪ್ಪಟವಾಗಿತ್ತು.